ಅಳೆದು ಬಿಚ್ಚುವ ಕೈ

ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಮೊದಲು ಉಕ್ಕುವುದು ಹಾಲು. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಆ ಒಲೆ ಈಗ ಗ್ರಾನೈಟ್ ಕಟ್ಟೆಯೊಳಗೆ ಕೂರಿಸಿದ ಗಾಜಿನ ಹಾಬ್. ವಿಲ್ಲಾಗಳಲ್ಲಾದರೆ ಮೇಲೆ ಐದಾರು ಬರ್ನರ್, ಕೆಳಗೆ ಓವನ್ ಇರುವ, ಇಟಲಿಯಿಂದಲೋ ಜರ್ಮನಿಯಿಂದಲೋ ಬಂದ ಕುಕಿಂಗ್ ರೇಂಜ್. ಬೆಲೆ ಲಕ್ಷಗಳಲ್ಲಿ. ಹಾಲು ಉಕ್ಕಿತೆಂದು ಮನೆಮಂದಿಗೆಲ್ಲ ಸಂತೋಷ. ಉಕ್ಕಿದ ಹಾಲು ಬರ್ನರಿನ ಬುಡಕ್ಕೆ ಇಳಿದು, ಕಿಡಿ ಹಾರಿಸುವ ಬಿಳಿ ಪಿಂಗಾಣಿ ಕಡ್ಡಿಯ ಸುತ್ತ ಒಣಗಿ ಕರಕಲಾಗುತ್ತದೆ. ಕೆಲವು ದಿನ ಕಳೆದ ಮೇಲೆ ಒಂದು ಬರ್ನರ್ ಹತ್ತಲು ಸತಾಯಿಸತೊಡಗುತ್ತದೆ. ಆಗ ಶುರು, ರಿಪೇರಿಯವರ ಹುಡುಕಾಟ.

ಈ ಹುಡುಕಾಟವನ್ನು ನಾವು ತೀರ ಹಗುರವಾಗಿ ಎಣಿಸಿದ್ದೇವೆ. ಒಲೆ ಕೊಳ್ಳಲು ಊರಿನ ಶೋರೂಮುಗಳನ್ನೆಲ್ಲ ಸುತ್ತಿದವರೂ ಅದನ್ನು ಬಿಚ್ಚುವವರನ್ನು ಫೋನಿನಲ್ಲಿ ಮೊದಲು ಸಿಕ್ಕ ನಂಬರಿನಿಂದ ಆರಿಸುತ್ತಾರೆ. ಫ್ರಿಜ್ ರಿಪೇರಿ ಕೆಟ್ಟರೆ ತರಕಾರಿ ಬಾಡುತ್ತದೆ, ವಾಷಿಂಗ್ ಮಷೀನ್ ಕೆಟ್ಟರೆ ಬಟ್ಟೆ ಕೈಯಲ್ಲಿ ಒಗೆಯಬೇಕಾಗುತ್ತದೆ. ಗ್ಯಾಸ್ ಒಲೆಯ ರಿಪೇರಿ ಕೆಟ್ಟರೆ ಮನೆಯವರ ಜೀವಕ್ಕೇ ಸಂಚಕಾರ. ಒಲೆಯ ಬೆಲೆ ಹೆಚ್ಚಿದಷ್ಟೂ ಒಳಗಿನ ವಾಲ್ವು, ಸೆನ್ಸರು, ಸರ್ಕಿಟ್ ಬೋರ್ಡುಗಳೂ ಹೆಚ್ಚು. ಅರೆಬರೆ ತಿಳಿದ ಕೈಗೆ ಎಡವಲು ಅಷ್ಟೇ ಜಾಗ ಹೆಚ್ಚು.

ಹಾಗಾದರೆ ಬಲ್ಲವರನ್ನು ಗುರುತಿಸುವುದು ಹೇಗೆ? ಸಮವಸ್ತ್ರ, ಕೊರಳಲ್ಲಿ ತೂಗುವ ಕಾರ್ಡು, ಕಂಪನಿಯ ಹೆಸರು ಬರೆದ ಬ್ಯಾಗು, ಇವು ಯಾವುವೂ ಸಾಲವು. ನಾನು ನಂಬುವ ಲಕ್ಷಣ ಒಂದೇ: ಬಿಚ್ಚುವ ಮೊದಲು ಅವರು ಅಳೆಯುತ್ತಾರೆ. ಗ್ಯಾಸಿನ ಒತ್ತಡ, ಪ್ಲಗ್ಗಿನ ವೋಲ್ಟೇಜು, ತಂತಿಯಲ್ಲಿ ಹರಿಯುವ ಕರೆಂಟು ಎಲ್ಲವನ್ನೂ ಅಳೆದು, ಅಂಕಿ ಏನು ಹೇಳುತ್ತದೆಂದು ಮನೆಯವರಿಗೆ ತೋರಿಸಿ, ಆಮೇಲೆ ಸ್ಕ್ರೂಗೆ ಕೈ ಹಾಕುತ್ತಾರೆ. ಅಳೆಯದವರು ಊಹೆಯ ಮೇಲೆ ಪಾರ್ಟು ಬದಲಿಸುತ್ತಾ ಹೋಗುತ್ತಾರೆ, ಪ್ರತಿ ಊಹೆಯ ಬಿಲ್ಲೂ ನಮ್ಮದೇ.

ಪರೀಕ್ಷೆ ಫೋನಿನಲ್ಲೇ ಶುರುವಾಗಬೇಕು. ಪ್ರತಿ ಒಲೆಗೂ ಒಂದು ಜಾತಕವಿದೆ: ಹಾಬಿನ ತಳದಲ್ಲಿ, ಓವನ್ ಬಾಗಿಲಿನ ಚೌಕಟ್ಟಿನಲ್ಲಿ ಇಲ್ಲವೇ ಕೆಳಗಿನ ಡ್ರಾಯರಿನ ಹಿಂದೆ ಅಂಟಿಸಿರುವ ಸಣ್ಣ ಲೋಹದ ಫಲಕ. ಮಾಡೆಲ್ ನಂಬರು, ಸೀರಿಯಲ್ ನಂಬರು, ಯಾವ ಗ್ಯಾಸು, ಎಷ್ಟು ಒತ್ತಡ, ಎಷ್ಟು ವೋಲ್ಟ್ ಎಂಬುದೆಲ್ಲ ಅದರಲ್ಲಿದೆ. ಯುರೋಪಿನ ಒಲೆಯಾದರೆ ಜಿ20 ಎಂದು ನೈಸರ್ಗಿಕ ಅನಿಲಕ್ಕೂ, ಜಿ30, ಜಿ31 ಎಂದು ಬ್ಯೂಟೇನ್, ಪ್ರೊಪೇನ್‌ಗಳಿಗೂ ಗುರುತು. ಕರೆ ಮಾಡಿದಾಗ ಆ ಫಲಕದ ಫೋಟೋ ಕಳಿಸಿ ಎಂದು ಕೇಳುವವರು, ಸಿಲಿಂಡರೋ ಪೈಪ್ ಗ್ಯಾಸೋ ಎಂದು ವಿಚಾರಿಸುವವರು ಕೆಲಸ ತಿಳಿದವರು. "ಯಾವ ಒಲೆ ಆದ್ರೂ ಮಾಡ್ತೀವಿ ಸರ್, ಅಡ್ರೆಸ್ ಹೇಳಿ" ಎನ್ನುವವರಿಗೆ ನಾನಂತೂ ಅಡ್ರೆಸ್ ಹೇಳುವುದಿಲ್ಲ.

ಯಾವ ಗ್ಯಾಸ್ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಈಗ ದೊಡ್ಡದು. ಮಹಾರಾಷ್ಟ್ರದ ದಾಭೋಲ್‌ನಿಂದ ಸುಮಾರು 1000 ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಕೊಳವೆ 2013ರಲ್ಲಿ ಬೆಂಗಳೂರು ಮುಟ್ಟಿತು. ಅಲ್ಲಿಂದೀಚೆಗೆ ಗೇಲ್ ಗ್ಯಾಸ್ ಕಂಪನಿ ಒಂದೊಂದೇ ಬಡಾವಣೆಗೆ, ಒಂದೊಂದೇ ಅಪಾರ್ಟ್‌ಮೆಂಟಿಗೆ ಪೈಪ್ ಎಳೆಯುತ್ತಾ ಬಂದಿದೆ. ಸಿಲಿಂಡರಿನ ಒಲೆಯನ್ನು ಪೈಪ್ ಗ್ಯಾಸಿಗೆ ಬದಲಿಸುವ ಕೆಲಸ ಅನೇಕ ಅಡುಗೆಮನೆಗಳಲ್ಲಿ ನಡೆದಿದೆ, ನಡೆಯುತ್ತಲೂ ಇದೆ. ಸಿಲಿಂಡರಿನ ಅನಿಲಕ್ಕೆ ಅಷ್ಟೇ ಗಾತ್ರದ ನೈಸರ್ಗಿಕ ಅನಿಲಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಶಾಖವಿದೆ. ಅದಕ್ಕೇ ಸಿಲಿಂಡರಿನ ಒಲೆಯ ಜೆಟ್ಟಿನ ತೂತು ಕಿರಿದು. ಜೆಟ್ ಎಂದರೆ ಬರ್ನರಿನ ಕೆಳಗೆ ಕೂತ ಪುಟ್ಟ ಹಿತ್ತಾಳೆ ತುಂಡು, ಮಧ್ಯದಲ್ಲಿ ಸೂಜಿಮೊನೆಯಷ್ಟು ತೂತು. ಅದರ ಮೈಮೇಲೆ ಒಂದು ಅಂಕಿ ಕೊರೆದಿರುತ್ತದೆ. 85 ಎಂದಿದ್ದರೆ 0.85 ಮಿಲಿಮೀಟರ್. ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೊರೆದ ತೂತು ಅದು.

ಇಂಥ ತೂತನ್ನು ಕೈ ಡ್ರಿಲ್ಲಿನಿಂದ ದೊಡ್ಡದು ಮಾಡಿ "ಪೈಪ್ ಗ್ಯಾಸಿಗೆ ಸೆಟ್ ಆಯ್ತು" ಎಂದು ಹೇಳಿ ಹೋಗುವವರಿದ್ದಾರೆ. ಡ್ರಿಲ್ಲು ತೂತನ್ನು ವಾರೆ ಮಾಡುತ್ತದೆ, ಅಂಚಿನಲ್ಲಿ ಮುಳ್ಳೆಬ್ಬಿಸುತ್ತದೆ. ಗ್ಯಾಸಿನ ಧಾರೆ ನೆಟ್ಟಗೆ ಹೋಗದೆ ಪಕ್ಕಕ್ಕೆ ವಾಲಿ, ತನಗೆ ಬೇಕಾದಷ್ಟು ಗಾಳಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಗಾಳಿ ಸಾಲದ ಉರಿ ಹಳದಿಗೆ ತಿರುಗಿ ಪಾತ್ರೆಯ ತಳಕ್ಕೆ ಮಸಿ ಬಳಿಯುತ್ತದೆ, ಜೊತೆಗೆ ಬಣ್ಣ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಕಿಟಕಿ ಮುಚ್ಚಿ ಎ.ಸಿ. ಹಾಕಿಕೊಂಡ ಅಡುಗೆಮನೆಯಲ್ಲಿ ಅದು ವಿಷ. ತಯಾರಕರು ಕೊಟ್ಟ ಜೆಟ್ಟನ್ನೇ ಹಾಕಬೇಕು, ಬೇರೆ ದಾರಿ ಇಲ್ಲ. ಜೆಟ್ ಬದಲಿಸಿದರಷ್ಟೇ ಕೆಲಸ ಮುಗಿಯುವುದೂ ಇಲ್ಲ. ಸಿಮ್‌ನಲ್ಲಿಟ್ಟಾಗ ಉರಿ ಎಷ್ಟಿರಬೇಕೆಂದು ತೀರ್ಮಾನಿಸುವ ಸಣ್ಣ ಸ್ಕ್ರೂವೊಂದು ನಾಬಿನ ಹಿಂದೆ ಇರುತ್ತದೆ. ಅದನ್ನೂ ಹೊಸ ಗ್ಯಾಸಿಗೆ ಹೊಂದಿಸಬೇಕು. ಬದಲಾವಣೆ ಆದ ಮೇಲೆ ಹಾಲು ಕಾಯಿಸುವಾಗ ಸಿಮ್ ಮಾಡಿದ ಉರಿ ಆರಿಹೋಗುತ್ತಿದ್ದರೆ, ಬಂದವರು ಆ ಸ್ಕ್ರೂ ಮುಟ್ಟಿಲ್ಲ ಎಂದೇ ಅರ್ಥ.

ಒತ್ತಡ ಅಳೆಯುವ ಸಾಧನ ಸರಳವಾದದ್ದು. ಯು ಆಕಾರಕ್ಕೆ ಬಗ್ಗಿಸಿದ ಪಾರದರ್ಶಕ ನಳಿಗೆ, ಅದರಲ್ಲಿ ಅರ್ಧ ನೀರು. ಒಂದು ತುದಿಯನ್ನು ಗ್ಯಾಸ್ ಲೈನಿಗೆ ಸೇರಿಸಿದರೆ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರುತ್ತದೆ. ಎರಡೂ ಮಟ್ಟಗಳ ನಡುವಿನ ಅಂತರ ಒಂದು ಸೆಂಟಿಮೀಟರ್ ಆದರೆ ಒತ್ತಡ ಹೆಚ್ಚುಕಡಿಮೆ ಒಂದು ಮಿಲಿಬಾರ್. ಮನೆಯ ಸಿಲಿಂಡರಿನ ರೆಗ್ಯುಲೇಟರು ಕೊಡಬೇಕಾದದ್ದು 30 ಮಿಲಿಬಾರ್ ಆಸುಪಾಸು, ಪೈಪ್ ಗ್ಯಾಸಿನದು 21ರ ಆಸುಪಾಸು. ಬರ್ನರುಗಳೆಲ್ಲ ಉರಿಯುತ್ತಿರುವಾಗ ಅಳೆದರೆ ದೋಷ ಒಲೆಯದೋ ರೆಗ್ಯುಲೇಟರಿನದೋ ಆ ಕ್ಷಣದಲ್ಲೇ ತಿಳಿಯುತ್ತದೆ. ನಾಬುಗಳನ್ನೆಲ್ಲ ಆಫ್ ಮಾಡಿ, ಲೈನಿನ ವಾಲ್ವ್ ಮುಚ್ಚಿ ಕೆಲವು ನಿಮಿಷ ಕಾದಾಗ ನೀರಿನ ಮಟ್ಟ ಕದಲದಿದ್ದರೆ ಆ ಭಾಗದಲ್ಲಿ ಸೋರಿಕೆ ಇಲ್ಲ. ಈಗ ಇದೇ ಕೆಲಸಕ್ಕೆ ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ಮೀಟರುಗಳಿವೆ. ಯಾವುದಾದರೂ ಸರಿ, ಎರಡರಲ್ಲಿ ಒಂದು ಬ್ಯಾಗಿನಿಂದ ಹೊರಬರಬೇಕು.

ಇಲ್ಲೇ ಇನ್ನೊಂದು ಮಾತು. ಹೋಟೆಲ್ ಒಲೆಗಳನ್ನು ರಿಪೇರಿ ಮಾಡುವವರನ್ನು ಮನೆಗೆ ಕರೆಸುವ ರೂಢಿ ನಮ್ಮಲ್ಲಿದೆ. ತಮ್ಮ ಕೆಲಸದಲ್ಲಿ ಅವರು ಪಳಗಿದವರು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಹೋಟೆಲಿನ ದೊಡ್ಡ ಒಲೆಗಳು ಹೆಚ್ಚಾಗಿ ಹೈ ಪ್ರೆಶರ್ ರೆಗ್ಯುಲೇಟರಿನ ಮೇಲೆ ಉರಿಯುತ್ತವೆ. ಆರಿದರೆ ಗ್ಯಾಸನ್ನು ತಾನೇ ತಡೆಯುವ ವ್ಯವಸ್ಥೆ ಅವುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. 30 ಮಿಲಿಬಾರಿನ ನಾಜೂಕು ಲೋಕವೇ ಬೇರೆ.

ಜಯನಗರದ ಪರಿಚಿತರ ಮನೆಯಲ್ಲಿ ನೋಡಿದ್ದನ್ನು ಇಲ್ಲಿ ಹೇಳಬೇಕು. ಹಾಬಿನ ನಾಬುಗಳೆಲ್ಲ ಆಫ್ ಆಗಿದ್ದರೂ ಬರ್ನರುಗಳಲ್ಲಿ ಟಿಕ್ ಟಿಕ್ ಎಂದು ಕಿಡಿ ಹಾರುತ್ತಲೇ ಇತ್ತು. ಮೊದಲು ಬಂದ ಹುಡುಗ ಎರಡು ನಿಮಿಷ ನೋಡಿ, ಇಗ್ನಿಷನ್ ಬಾಕ್ಸ್ ಹೋಗಿದೆ, ಇಂಪೋರ್ಟೆಡ್ ಪಾರ್ಟು, ತರಿಸಬೇಕು ಎಂದು ದೊಡ್ಡ ಮೊತ್ತ ಹೇಳಿ ಹೋಗಿದ್ದ. ಆಮೇಲೆ ಬಂದವರು ನಡುವಯಸ್ಸು ದಾಟಿದ ಮೆಕ್ಯಾನಿಕ್. ಒಲೆ ಮುಟ್ಟುವ ಮೊದಲು ಕೇಳಿದರು:

"ಅಮ್ಮಾ, ನಿನ್ನೆ ರಾತ್ರಿ ಒಲೆ ತೊಳೆದ್ರಾ?"

"ಹೂಂ ಕಣಪ್ಪಾ. ಹಬ್ಬದ ಅಡುಗೆ, ಎಲ್ಲಾ ಎಣ್ಣೆಜಿಡ್ಡು. ಸೋಪುನೀರು ಹಾಕಿ ಚೆನ್ನಾಗಿ ಉಜ್ಜಿದೆ."

"ನಾಬಿನ ಸಂದಿಗೂ ಹಾಕಿದ್ರಾ?"

"ಅಲ್ಲೇ ಅಲ್ವೇನಪ್ಪಾ ಜಿಡ್ಡು ಕೂರೋದು!"

ಅವರು ಪ್ಲಗ್ ಕಿತ್ತರು, ಗ್ಯಾಸ್ ಮುಚ್ಚಿದರು, ನಾಬುಗಳನ್ನು ಒಂದೊಂದಾಗಿ ಎಳೆದು ಸಾಲಾಗಿ ಇಟ್ಟರು. ಗಾಜನ್ನು ಎತ್ತಿ, ಪ್ರತಿ ನಾಬಿನ ಕೆಳಗಿರುವ ಪುಟ್ಟ ಸ್ವಿಚ್ಚಿನ ತಂತಿ ಬಿಡಿಸಿ, ಅದಕ್ಕೆ ಮೀಟರಿನ ಎರಡು ಕಡ್ಡಿ ಮುಟ್ಟಿಸುತ್ತಾ ಹೋದರು. ಮೂರು ಸ್ವಿಚ್ಚಿಗೆ ಮೀಟರು ಸುಮ್ಮನಿತ್ತು. ನಾಲ್ಕನೆಯದಕ್ಕೆ, ಯಾರೂ ಒತ್ತದಿದ್ದರೂ, ಕುಂಯ್ ಎಂದಿತು. "ನೋಡಿ ಅಮ್ಮಾ, ಇದೊಂದರಲ್ಲಿ ನೀರು ಕೂತಿದೆ. ಒತ್ತಿದಂಗೇ ಆಗಿಬಿಟ್ಟಿದೆ. ಪಾರ್ಟು ಗೀರ್ಟು ಏನೂ ಬೇಡ." ಮನೆಯವರ ಹೇರ್ ಡ್ರೈಯರ್ ಕೇಳಿ ಪಡೆದು, ಬಿಸಿ ಕಡಿಮೆ ಇಟ್ಟು ಒಣಗಿಸಿದರು. ಮತ್ತೆ ಮೀಟರು ಮುಟ್ಟಿಸಿದಾಗ ಅದೂ ಸುಮ್ಮನಾಯಿತು. ತೆಗೆದುಕೊಂಡದ್ದು ಮನೆಗೆ ಬಂದ ಚಾರ್ಜು ಮಾತ್ರ. ಅವರಿಗೆ ದೊಡ್ಡ ಬ್ರ್ಯಾಂಡಿನ ತರಬೇತಿ ಪತ್ರವಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಆ ಮೀಟರಿನ ಸದ್ದೇ ನನಗೆ ಸಾಕಾಗಿತ್ತು.

ಎಲ್ಲ ದೋಷಗಳೂ ಇಷ್ಟು ನಿರುಪದ್ರವಿಯಲ್ಲ. ಹಾಬಿನ ನಾಬನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಉರಿ ಇದ್ದು, ಬಿಟ್ಟ ತಕ್ಷಣ ಆರಿಹೋಗುವುದು ಸಾಮಾನ್ಯ ದೂರು. ಅದಕ್ಕೆ ಹೆಚ್ಚಾಗಿ ಕಾರಣ, ಬರ್ನರಿನ ಪಕ್ಕದಲ್ಲಿ ಉರಿಗೆ ತಾಗಿಕೊಂಡು ನಿಂತ, ಥರ್ಮೋಕಪಲ್ ಎಂಬ ಸಣ್ಣ ಲೋಹದ ಕಡ್ಡಿ. ಎರಡು ಬೇರೆ ಲೋಹಗಳು ಕೂಡುವ ಜಾಗ ಬಿಸಿಯಾದಾಗ ಕೆಲವೇ ಮಿಲಿವೋಲ್ಟಿನ ವಿದ್ಯುತ್ ಹುಟ್ಟುತ್ತದೆ. ಅಷ್ಟು ಅಲ್ಪ ಶಕ್ತಿ ಒಂದು ಪುಟ್ಟ ಅಯಸ್ಕಾಂತವನ್ನು ಹಿಡಿದಿಟ್ಟು ಗ್ಯಾಸಿನ ದಾರಿ ತೆರೆದಿಡುತ್ತದೆ. ಸಾರು ಉಕ್ಕಿ ಉರಿ ಆರಿದರೆ ಕಡ್ಡಿ ತಣಿಯುತ್ತದೆ, ಅಯಸ್ಕಾಂತ ಬಿಡುತ್ತದೆ, ವಾಲ್ವ್ ಟಕ್ ಎಂದು ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುವಾಗ, ಒಲೆಯ ಮೇಲೆ ಪಾತ್ರೆ ಇಟ್ಟು ಮರೆತಾಗ, ಕಾಯುವುದು ಈ ಕಡ್ಡಿ.

ಕಡ್ಡಿಗೆ ಜಿಡ್ಡು ಹಿಡಿದಿರಬಹುದು, ಜಾಗದಿಂದ ಸರಿದಿರಬಹುದು, ಹಿಂಬದಿಯ ನಟ್ಟು ಸಡಿಲಾಗಿರಬಹುದು, ಇಲ್ಲವೇ ನಿಜಕ್ಕೂ ಸತ್ತಿರಬಹುದು. ಮಿಲಿವೋಲ್ಟ್ ಅಳೆದರೆ ಗೊತ್ತಾಗುತ್ತದೆ. ಅಳೆಯಲಾರದವರು ಕೊಡುವ ಪರಿಹಾರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ: "ಸೇಫ್ಟಿ ತೆಗೆದುಬಿಡ್ತೀನಿ ಮೇಡಂ, ಆಮೇಲೆ ತೊಂದ್ರೆ ಇರಲ್ಲ." ಹಾಗೆ ತೆಗೆದ ಒಲೆ ಆರಿದ ಮೇಲೂ ಗ್ಯಾಸ್ ಬಿಡುತ್ತಲೇ ಇರುತ್ತದೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ಕೆಲಸ ನಿಲ್ಲಿಸಿ ಅವರನ್ನು ಕಳಿಸಿಬಿಡಬೇಕು. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ. ರಿಪೇರಿ ಮುಗಿದ ಮೇಲೆ ಅವರ ಎದುರಿಗೇ ಒಂದು ಬರ್ನರ್ ಹತ್ತಿಸಿ, ಚೆನ್ನಾಗಿ ಕಾದ ಮೇಲೆ ಉರಿಯನ್ನು ಆರಿಸಿ ತೋರಿಸಲು ಹೇಳಿ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಆ ಟಕ್ ಸದ್ದು ಕೇಳಿಸುತ್ತದೆ.

ಇನ್ನೂ ಒಂದು ಪ್ರಶ್ನೆ ಕೇಳಿ ನೋಡಿ: "ಗ್ಯಾಸ್ ಸೋರಿದರೆ ಎಲ್ಲಿ ಸೇರುತ್ತೆ?" ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ, ಕಟ್ಟೆಯ ಕೆಳಗಿನ ಕಪಾಟಿನಲ್ಲಿ ಕೂರುತ್ತದೆ. ಪೈಪ್ ಗ್ಯಾಸ್ ಹಗುರ, ಮೇಲೇರಿ ಛಾವಣಿ ಸೇರುತ್ತದೆ. ಸೋರಿಕೆ ಪತ್ತೆಯ ಅಲಾರಂ ಎಲ್ಲಿ ಕೂರಬೇಕು ಎನ್ನುವುದೂ ಇದರ ಮೇಲೆಯೇ ನಿಂತಿದೆ. ತಡವರಿಸದೆ ಉತ್ತರ ಬಂದರೆ ಗ್ಯಾಸಿನ ಪಾಠ ಕಲಿತವರೆಂದು ನಂಬಬಹುದು. ಕೀಲುಗಳಿಗೆ ಸೋಪುನೀರು ಹಚ್ಚಿ ಗುಳ್ಳೆ ನೋಡುವ ಬದಲು ಬೆಂಕಿಕಡ್ಡಿ ಗೀರಿ ನೋಡುವವರು ಇವತ್ತಿಗೂ ಇದ್ದಾರೆ. ಅಂಥವರು ಮನೆಯೊಳಗೆ ಕಾಲಿಡಬಾರದು.

ಅಮೆರಿಕದಲ್ಲಿರುವ ನಮ್ಮವರ ಕಷ್ಟ ಬೇರೆ ಬಗೆಯದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್ ಕಡೆ ಮನೆ ಕೊಂಡಾಗ ವೂಲ್ಫ್, ವೈಕಿಂಗ್, ಥರ್ಮಡೋರ್ ರೇಂಜುಗಳು ಅಡುಗೆಮನೆಯ ಜೊತೆಗೇ ಬರುವುದುಂಟು. ಮಿಸಿಸಿಪ್ಪಿಯ ಗ್ರೀನ್‌ವುಡ್ ಎಂಬ ಸಣ್ಣ ಊರಿನಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿದ್ದ ಫ್ರೆಡ್ ಕಾರ್ಲ್, ಹೋಟೆಲ್ ಒಲೆಯ ಬಲ ಮನೆಗೂ ಬರಲಿ ಎಂದು 1980ರ ದಶಕದಲ್ಲಿ ವೈಕಿಂಗ್ ಶುರು ಮಾಡಿದರು. ವೂಲ್ಫ್ ಹೋಟೆಲುಗಳಿಗೆ ಒಲೆ ಮಾಡುತ್ತಿದ್ದ ಹೆಸರು. ಅದರ ಮನೆಬಳಕೆಯ ಭಾಗವನ್ನು ಸಬ್-ಜೀರೋ ಕಂಪನಿ 2000ದಲ್ಲಿ ಕೊಂಡಿತು. ಹೀಗೆ ಹೋಟೆಲಿನ ಉರಿಗೆ ಮನೆಯ ಎಲೆಕ್ಟ್ರಾನಿಕ್ಸ್ ಸೇರಿದ ಯಂತ್ರವಾದ್ದರಿಂದಲೇ ಹೋಟೆಲ್ ಮೆಕ್ಯಾನಿಕ್ಕಿಗೂ ಸಾಧಾರಣ ಒಲೆ ರಿಪೇರಿಯವರಿಗೂ ಇದು ಅರ್ಧ ಮಾತ್ರ ತಿಳಿಯುತ್ತದೆ.

ಆ ಅರ್ಧಜ್ಞಾನ ಬಯಲಾಗುವುದು ಓವನ್ನಿನಲ್ಲಿ. ಬಹಳಷ್ಟು ಅಮೆರಿಕನ್ ಗ್ಯಾಸ್ ಓವನ್ನುಗಳಲ್ಲಿ ಕಿಡಿ ಇಲ್ಲ. ಸಿಲಿಕಾನ್ ಕಾರ್ಬೈಡಿನ ಒಂದು ಕಡ್ಡಿ ಕೆಂಡದಂತೆ ಕಾದು ಗ್ಯಾಸನ್ನು ಹೊತ್ತಿಸುತ್ತದೆ. ಆ ಕಡ್ಡಿಯಲ್ಲಿ ಹರಿಯುವ ಕರೆಂಟೇ ಮುಂದೆ ಗ್ಯಾಸ್ ವಾಲ್ವಿನಲ್ಲೂ ಹರಿಯುತ್ತದೆ, ಅದು ಸುಮಾರು ಮೂರು ಆಂಪಿಯರ್ ಮುಟ್ಟಿದಾಗಲೇ ವಾಲ್ವ್ ತೆರೆಯುತ್ತದೆ. ವರ್ಷಗಳು ಕಳೆದಂತೆ ಕಡ್ಡಿ ಬಳಲಿ ಕಡಿಮೆ ಕರೆಂಟು ಬಿಡುತ್ತದೆ. ಆದರೂ ಕೆಂಪಗೆ ಹೊಳೆಯುತ್ತಲೇ ಇರುತ್ತದೆ! ಓವನ್ ಕಾಯಲು ಗಂಟೆಗಟ್ಟಲೆ ಹಿಡಿಯುತ್ತದೆ, ಇಲ್ಲವೇ ಕಾಯುವುದೇ ಇಲ್ಲ. ಕಡ್ಡಿ ಹೊಳೆಯುತ್ತಿದೆ, ಗ್ಯಾಸ್ ಬರುತ್ತಿಲ್ಲ, ಅಂದಮೇಲೆ ವಾಲ್ವ್ ಕೆಟ್ಟಿದೆ ಎಂದು ಕಣ್ಣಳತೆಯವರು ತೀರ್ಪು ಕೊಟ್ಟು ದುಬಾರಿ ವಾಲ್ವ್ ಬದಲಿಸುತ್ತಾರೆ. ಓವನ್ ಆಗಲೂ ಕಾಯುವುದಿಲ್ಲ. ಬಲ್ಲವರು ತಂತಿಗೆ ಕ್ಲ್ಯಾಂಪ್ ಮೀಟರ್ ತೊಡಿಸಿ ಅಂಕಿ ಓದುತ್ತಾರೆ, ಕಡ್ಡಿ ಬದಲಿಸುತ್ತಾರೆ. ಬರ್ನರ್ ಹತ್ತಿದ ಮೇಲೂ ನಿಲ್ಲದ ಟಿಕ್ ಟಿಕ್ಕಿನ ಕತೆಯೂ ಇಂಥದೇ. ಈ ರೇಂಜುಗಳಲ್ಲಿ ಎಷ್ಟೋ ಮಾಡೆಲುಗಳು ಉರಿಯ ಮೂಲಕ ಅತಿ ಸಣ್ಣ ಕರೆಂಟು ಹಾಯಿಸಿ, ಅದು ಬರ್ನರಿನ ಮೂಲಕ ಅರ್ತಿಂಗ್ ಸೇರಿತೇ ಎಂದು ನೋಡಿ, ಉರಿ ಹತ್ತಿದೆ ಎಂದು ತಿಳಿದುಕೊಳ್ಳುತ್ತವೆ. ಗೋಡೆಯ ಪ್ಲಗ್ಗಿನಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ದರೆ ಅಥವಾ ಅರ್ತಿಂಗ್ ಸರಿಯಿಲ್ಲದಿದ್ದರೆ ಆ ತಿಳಿವಳಿಕೆ ಕೆಡುತ್ತದೆ. ದೋಷ ಗೋಡೆಯಲ್ಲಿದ್ದಾಗ ಒಲೆಗೆ ಹೊಸ ಪಾರ್ಟು ಹಾಕಿ ಫಲವಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ರಿಪೇರಿ ವ್ಯವಹಾರ ಮಾಡುವವರು ರಾಜ್ಯದ ಬ್ಯೂರೋ ಆಫ್ ಹೌಸ್‌ಹೋಲ್ಡ್ ಗೂಡ್ಸ್ ಅಂಡ್ ಸರ್ವೀಸಸ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಅದನ್ನು ನೋಡಿಕೊಳ್ಳಿ. ಆದರೆ ಅದು ವ್ಯವಹಾರದ ನೋಂದಣಿ, ಕೆಲಸದ ಪರೀಕ್ಷೆಯಲ್ಲ. ಇಪಿಎ 608 ಎಂಬ ಪ್ರಮಾಣಪತ್ರವನ್ನು ಕೆಲವರು ಮುಂದಿಡುತ್ತಾರೆ, ಅದು ಫ್ರಿಜ್, ಎ.ಸಿ.ಗಳ ಶೈತ್ಯಕಾರಕ ಅನಿಲಕ್ಕೆ ಸಂಬಂಧಿಸಿದ್ದು, ಒಲೆಗೂ ಅದಕ್ಕೂ ನಂಟಿಲ್ಲ. 2024ರ ಜುಲೈ 1ರಿಂದ ಅಲ್ಲಿ ಜಾರಿಗೆ ಬಂದ ರಿಪೇರಿ ಹಕ್ಕಿನ ಕಾನೂನು, 100 ಡಾಲರಿಗಿಂತ ಕಡಿಮೆಯಿಲ್ಲದ ಬೆಲೆಯ ಉಪಕರಣಗಳ ಬಿಡಿಭಾಗ, ಕೈಪಿಡಿ, ಸಲಕರಣೆಗಳು ತಯಾರಿ ನಿಂತ ಮೇಲೂ ಏಳು ವರ್ಷ ಹೊರಗಿನ ರಿಪೇರಿಯವರಿಗೂ ಸಿಗಬೇಕೆನ್ನುತ್ತದೆ. 2021ರ ಜುಲೈ 1ರಿಂದೀಚೆಗೆ ತಯಾರಾದ ಒಲೆಗಳಿಗೆ ಇದು ಅನ್ವಯ. ವಾರಂಟಿ ಮುಗಿದ ಮೇಲೆ ಸ್ವತಂತ್ರವಾಗಿ ದುಡಿಯುವ ಒಳ್ಳೆಯ ಟೆಕ್ನಿಷಿಯನ್ನರ ಕಡೆ ತಿರುಗಲು ಇದು ಒಳ್ಳೆಯ ಕಾರಣ.

ನಾನು ಮೆಚ್ಚುವುದು ಬ್ರಿಟನ್ನಿನ ಪದ್ಧತಿಯನ್ನು. ಅಲ್ಲಿ ಮನೆಯ ಗ್ಯಾಸಿಗೆ ದುಡ್ಡು ಪಡೆದು ಕೈ ಹಾಕಬೇಕಾದರೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರಲೇಬೇಕು. 2009ರ ಏಪ್ರಿಲ್ 1ರಿಂದ ಇದು ಹಳೆಯ ಕಾರ್ಗಿ ಪಟ್ಟಿಯ ಜಾಗಕ್ಕೆ ಬಂತು. ಕಾರ್ಡಿನ ಮುಂದೆ ಫೋಟೋ, ಲೈಸೆನ್ಸ್ ನಂಬರು, ಮುಗಿಯುವ ದಿನಾಂಕ. ಮುಖ್ಯವಾದದ್ದು ಹಿಂಬದಿ: ಈ ವ್ಯಕ್ತಿ ಏನೇನು ಮುಟ್ಟಬಹುದು ಎಂಬ ಪಟ್ಟಿ. ಬಾಯ್ಲರ್ ಬಲ್ಲವರೆಲ್ಲ ಒಲೆ ಮುಟ್ಟುವಂತಿಲ್ಲ, ನೈಸರ್ಗಿಕ ಅನಿಲ ಬಲ್ಲವರೆಲ್ಲ ಎಲ್‌ಪಿಜಿ ಮುಟ್ಟುವಂತಿಲ್ಲ. ಲಂಡನ್ನಿನ ಕನ್ನಡಿಗರು ಕಾರ್ಡು ತಿರುಗಿಸಿ ಓದುವ ಅಭ್ಯಾಸ ಮಾಡಿಕೊಳ್ಳಲಿ.

ನಮ್ಮಲ್ಲಿ ಒಲೆ ರಿಪೇರಿಗೆ ಅಂಥ ಒಂದೇ ಪಟ್ಟಿ ಇಲ್ಲ. ಅದಕ್ಕಾಗಿ ಗ್ರಾಹಕರು ಒತ್ತಾಯಿಸಬೇಕು ಎಂಬುದು ನನ್ನ ಬಲವಾದ ನಂಬಿಕೆ. ಅಲ್ಲಿಯವರೆಗೆ ಕೆಲವು ಎಚ್ಚರಗಳು ನಮ್ಮ ಕೈಯಲ್ಲೇ ಇವೆ. ಕಸ್ಟಮರ್ ಕೇರ್ ನಂಬರನ್ನು ಹುಡುಕಾಟದ ಫಲಿತಾಂಶದಿಂದ ತೆಗೆದುಕೊಳ್ಳಬೇಡಿ, ಕಂಪನಿಯ ಹೆಸರಿನಲ್ಲಿ ನಕಲಿ ನಂಬರು ಹರಿಯಬಿಟ್ಟು ಕಾದು ಕೂತವರಿದ್ದಾರೆ. ವಾರಂಟಿ ಕಾರ್ಡು ಇಲ್ಲವೇ ಕೈಪಿಡಿಯಲ್ಲಿ ಅಚ್ಚಾದ ನಂಬರೇ ಸರಿ. ದೂರು ನೋಂದಾಯಿಸಲು ಹತ್ತು ರೂಪಾಯಿ ಕಳಿಸಿ, ಈ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಲ್‌ಪಿಜಿ ಸೋರಿಕೆಯಾದರೆ 1906. ಬದಲಿಸಿದ ಹಳೆ ಭಾಗವನ್ನು ಕೇಳಿ ಪಡೆಯಿರಿ. ಹೊಸ ಭಾಗದ ನಂಬರು ಇರುವ ಬಿಲ್ಲು ಕೇಳಿ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ, ಸಹಾಯಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ತಯಾರಕರ ಕೈಪಿಡಿ, ಬಿಡಿಭಾಗ, ಸರ್ವಿಸ್ ಕೇಂದ್ರಗಳ ವಿವರವನ್ನು ಒಂದೆಡೆ ತರುವುದು ಅದರ ಉದ್ದೇಶ.

ಇನ್ನೂ ಒಲೆ ಕೊಳ್ಳದವರಿಗೆ ಕೊನೆಯದಾಗಿ ಒಂದು ಮಾತು. ಶೋರೂಮಿನಲ್ಲಿ ಬಣ್ಣ, ನಾಬು, ಅಳತೆ ಎಲ್ಲ ಒಪ್ಪಿಗೆಯಾದ ಮೇಲೆ, ಮುಂಗಡ ಕೊಡುವ ಮೊದಲು, ಬೆಂಗಳೂರಿನಲ್ಲಿ ಈ ಮಾಡೆಲ್ ಬಿಚ್ಚಬಲ್ಲವರು ಯಾರು, ಬಿಡಿಭಾಗ ಎಲ್ಲಿಂದ ಬರುತ್ತದೆ, ಎಷ್ಟು ವರ್ಷ ಸಿಗುತ್ತದೆ ಎಂದು ಬರೆಸಿಕೊಳ್ಳಿ. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರಾದರೆ ಸರ್ವಿಸ್‌ನವರು ಅಲ್ಲಿಗೆ ಬರುತ್ತಾರೆಯೇ ಎಂದು ಮೊದಲೇ ಕೇಳಿ. ಅಮೆರಿಕದಿಂದ ವಾಪಸಾಗುವವರು ಅಲ್ಲಿನ ರೇಂಜನ್ನು ಹಡಗಿಗೆ ಹಾಕುವ ಮುನ್ನ ಯೋಚಿಸಲಿ: ವೋಲ್ಟೇಜು ಬೇರೆ, ಗ್ಯಾಸಿನ ಒತ್ತಡ ಬೇರೆ, ವಾರಂಟಿ ಸಾಮಾನ್ಯವಾಗಿ ಕೊಂಡ ದೇಶದಲ್ಲೇ ಉಳಿಯುತ್ತದೆ. ಯುರೋಪಿನ ಒಲೆಗಳ ಜೊತೆ ಇನ್ನೊಂದು ಗ್ಯಾಸಿಗೆ ಬೇಕಾದ ಜೆಟ್ಟುಗಳನ್ನು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿರುತ್ತಾರೆ. ಪ್ಯಾಕಿಂಗ್ ಬಿಚ್ಚುವ ದಿನ ಥರ್ಮಕೋಲಿನ ಜೊತೆ ಅದೂ ಕಸಕ್ಕೆ ಹೋಗದಂತೆ ತೆಗೆದು, ಕೈಪಿಡಿಗೆ ಸೇರಿಸಿ ಸ್ಟೇಪಲ್ ಮಾಡಿಡಿ.